4-4 ಆದಾಗ ನಡುಗುವ ಕೈ

ನನ್ನ ಬಳಿ ಸಲಹೆಗೆ ಬಂದವರು 27 ವರ್ಷದ ಯುವಕ. ವಿರಾಜಪೇಟೆ ಕಡೆಯವರು. ಕಾಫಿ ತೋಟವೊಂದರ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ, ಸಂಜೆಯಾದರೆ ಪೂಲ್ ಟೇಬಲ್, ಅಂದರೆ ಕೋಲಿನಿಂದ ಚೆಂಡು ಹೊಡೆದು ಮೇಜಿನ ಅಂಚಿನ ಪಾಕೆಟ್‌ಗೆ ಹಾಕುವ ಆಟ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರು ಆಡುವುದು ಏಟ್-ಬಾಲ್. ತಮ್ಮ ಪಾಲಿನ ಏಳು ಚೆಂಡು ಹಾಕಿ, ಕೊನೆಗೆ ಕಪ್ಪು ಚೆಂಡು ಹಾಕಿದವರಿಗೆ ಗೇಮ್. ಮೊದಲು ಐದು ಗೇಮ್ ಗೆದ್ದವರಿಗೆ ಪಂದ್ಯ. 4-4 ಆಗುವವರೆಗೂ ಚೆನ್ನಾಗೇ ಆಡುತ್ತಾರೆ. ಒಂಬತ್ತನೇ ಗೇಮ್ ಶುರುವಾದರೆ ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕ್ಯೂ (ಆಟದ ಕೋಲು) ಹಿಡಿದ ಕೈ ನಡುಗುತ್ತದೆ. "ಮೇಡಂ, ಅಭ್ಯಾಸದಲ್ಲಿ ಕಣ್ಣು ಮುಚ್ಚಿಕೊಂಡು ಹಾಕೋ ಚೆಂಡು. ಅವತ್ತು ಪಾಕೆಟ್ ಬಾಯಿಗೆ ತಾಗಿ ಆಚೆ ಬಂತು" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮನಸ್ಸಿನ ಮಾತಿಗೆ ಮುಂಚೆ ದೇಹದ ಮಾತು ಮುಗಿಸಬೇಕಿತ್ತು. ಪಂದ್ಯದ ದಿನ ಎಷ್ಟು ಕಾಫಿ ಎಂದು ಕೇಳಿದೆ. ಲೆಕ್ಕವೇ ಇರಲಿಲ್ಲ. ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಕಾಫಿ, ಅದು ಸಹಜ. ಆದರೆ ನಮ್ಮ ರೊಬಸ್ಟಾ ಕಾಫಿಯಲ್ಲಿ ಅರೇಬಿಕಾ ಕಾಫಿಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಲೋಟದ ಮೇಲೆ ಲೋಟ ಕುಡಿದರೆ ಎಂಥ ಶಾಂತ ಮನುಷ್ಯನ ಬೆರಳೂ ನಡುಗಬಹುದು. ಪಂದ್ಯದ ದಿನ ಬೆಳಿಗ್ಗೆ ಒಂದೇ ಲೋಟ, ಆಟಕ್ಕೆ ಮುಂಚೆ ಹೊಟ್ಟೆಗೆ ಏನಾದರೂ ಊಟ ಎಂದು ಒಪ್ಪಿಸಿದೆ.

ಇನ್ನೊಂದು ವಿಷಯ ನನಗೆ ಗಾಬರಿ ತಂದಿತು. ಗೆಳೆಯರೊಬ್ಬರು ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆ ಜೇಬಿನಲ್ಲಿತ್ತು. ಅದು ಬೀಟಾ ಬ್ಲಾಕರ್. ಎದೆಬಡಿತ, ನಡುಕ ಎರಡನ್ನೂ ತಗ್ಗಿಸುತ್ತದೆ, ನಿಜ. ಅದಕ್ಕೇ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಬಿಲಿಯರ್ಡ್ಸ್ ಜಾತಿಯ ಎಲ್ಲ ಆಟಗಳಲ್ಲೂ ಸ್ಪರ್ಧೆಯ ವೇಳೆ ಅದನ್ನು ನಿಷೇಧಿಸಿದೆ. ಉಬ್ಬಸ ಇರುವವರಿಗಂತೂ ಅದು ಅಪಾಯ. ಇವರಿಗೆ ಚಿಕ್ಕಂದಿನಿಂದ ಮಳೆಗಾಲದಲ್ಲಿ ಉಬ್ಬಸ! ಯಾರೋ ಕೊಟ್ಟ ಮಾತ್ರೆ ನುಂಗಬೇಡಿ, ನಿಮ್ಮ ವೈದ್ಯರ ಹತ್ತಿರ ಮಾತಾಡಿ ಎಂದು ಖಡಾಖಂಡಿತವಾಗಿ ಹೇಳಿದೆ. "ಒಂದು ಪೆಗ್ ಹಾಕಿದ್ರೆ ಸರಿಹೋಗುತ್ತೆ" ಎನ್ನುವ ಗೆಳೆಯರ ಸಲಹೆಯನ್ನೂ ಅಲ್ಲೇ ಕೈಬಿಟ್ಟೆವು.

ಆಮೇಲೆ ಫೋನಿನಲ್ಲಿದ್ದ ಪಂದ್ಯದ ವಿಡಿಯೊ ಇಬ್ಬರೂ ಕೂತು ನೋಡಿದೆವು. ಅದರಲ್ಲೇ ಎಲ್ಲ ಇತ್ತು. ಮೂರನೇ ಗೇಮ್‌ನಲ್ಲಿ ಚೆಂಡಿನ ಹಿಂದೆ ನಿಂತು ನೋಡುತ್ತಾರೆ. ಕ್ಯೂ ತುದಿಗೆ ಚಾಕ್ ಹಚ್ಚುತ್ತಾರೆ. ಬಾಗುತ್ತಾರೆ. ಕ್ಯೂ ನಾಲ್ಕು ಸಲ ಹಿಂದೆ ಮುಂದೆ ಆಡುತ್ತದೆ. ಒಂದು ಕ್ಷಣ ನಿಲ್ಲುತ್ತದೆ. ಹೊಡೆತ. ಒಂಬತ್ತನೇ ಗೇಮ್‌ನಲ್ಲಿ ಚಾಕ್ ಇಲ್ಲ. ನಡೆದು ಬಂದವರೇ ಬಾಗುತ್ತಾರೆ. ಬಾಗಿದ ಮೇಲೆ ಯೋಚನೆ ಶುರು. ಕ್ಯೂ ಎಂಟು, ಒಂಬತ್ತು ಸಲ ಆಡುತ್ತದೆ. ಕಣ್ಣು ಪಾಕೆಟ್‌ಗೆ, ಕ್ಯೂನಿಂದ ಹೊಡೆಯುವ ಬಿಳಿ ಚೆಂಡಿಗೆ, ಮತ್ತೆ ಪಾಕೆಟ್‌ಗೆ ಅಲೆಯುತ್ತದೆ. ಹಿಂದಿನ ಕೈ ಬಿಗಿದು ಬೆರಳ ಗೆಣ್ಣು ಬೆಳ್ಳಗಾಗಿದೆ. ಹೊಡೆಯುವುದಕ್ಕೆ ಮುಂಚೆಯೇ ತಲೆ ಮೇಲೆ.

"ಕೈ ನಡುಗಿದ್ದಕ್ಕೆ ತಪ್ಪಿತಾ, ಅವಸರಕ್ಕೆ ತಪ್ಪಿತಾ?" ಎಂದು ಕೇಳಿದೆ. ಆ ಭಾಗವನ್ನು ಮತ್ತೆ ಹಾಕಿ ನೋಡಿದರು. ಮಾತಾಡಲಿಲ್ಲ.

ಒತ್ತಡದಲ್ಲಿ ಆಗುವುದು ಇಷ್ಟು. ಸಾವಿರ ಸಲ ಮಾಡಿದ ಕೆಲಸ ತಾನಾಗಿ ನಡೆಯುತ್ತದೆ. ಸೋಲಿನ ಭಯ ಬಂದಾಗ ನಾವು ಆ ಕೆಲಸಕ್ಕೆ ಕಾವಲು ಕೂರುತ್ತೇವೆ. ಮೊಣಕೈ ಸರಿ ಇದೆಯಾ, ಹಿಡಿತ ಸರಿ ಇದೆಯಾ ಎಂದು ತಪಾಸಣೆ ಮಾಡುತ್ತೇವೆ. ಆಗ ಲಯ ಕೆಡುತ್ತದೆ. ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ 1984ರಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. 1994ರ ವಿಶ್ವ ಸ್ನೂಕರ್ ಫೈನಲ್ 17-17 ಆಗಿತ್ತು. ಕೊನೆಯ ಫ್ರೇಮ್‌ನಲ್ಲಿ (ಸ್ನೂಕರ್‌ನಲ್ಲಿ ಒಂದು ಗೇಮ್‌ಗೆ ಹೇಳುವ ಹೆಸರು) ಜಿಮ್ಮಿ ವೈಟ್ ಮುಂದಿದ್ದರು. ಅವರ ಮಟ್ಟಕ್ಕೆ ಸುಲಭವಾದ ಕಪ್ಪು ಚೆಂಡೊಂದು ತಪ್ಪಿತು. ಸ್ಟೀಫನ್ ಹೆಂಡ್ರಿ ಎದ್ದು ಬಂದು ಫ್ರೇಮ್ ಮುಗಿಸಿ 18-17ರಿಂದ ಗೆದ್ದರು. ವೈಟ್‌ಗೆ ಆಟ ಬರುತ್ತಿರಲಿಲ್ಲ ಅಂತ ಯಾರೂ ಹೇಳಲ್ಲ, ಅಲ್ವಾ?

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಕ್ಲಬ್ ಮಟ್ಟದ ಪಂದ್ಯ ಸೋತರೆ ಇಷ್ಟೊಂದು ನೋವು ಯಾಕೆ? ಸೋತ ತಕ್ಷಣ ಮೊದಲು ಯಾರ ನೆನಪು ಬರುತ್ತದೆ ಎಂದು ಕೇಳಿದೆ. "ಅಪ್ಪನದು" ಎಂದರು. ಅಪ್ಪ ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಊರಿಗೇ ಹೆಸರಾದವರು. "ನಮ್ಮ ಮನೆಯಲ್ಲಿ ಕೈ ನಡುಗಿದವರು ಯಾರೂ ಇಲ್ಲ" ಎಂದು ಒಮ್ಮೆ ಹೇಳಿದ್ದರಂತೆ. ಪ್ರತಿ ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿ ಫಲಿತಾಂಶ ಹೇಳುವುದೂ ರೂಢಿ. ಅಂದರೆ ಕಪ್ಪು ಚೆಂಡಿಗೆ ಗುರಿ ಇಡುವಾಗ ಇವರ ತಲೆಯಲ್ಲಿ ಆ ಫೋನ್ ಆಗಲೇ ರಿಂಗ್ ಆಗುತ್ತಿತ್ತು.

ಇವರ ಒಪ್ಪಿಗೆ ಪಡೆದು ಅಪ್ಪನನ್ನು ಕರೆಸಿದೆ. ಗಂಭೀರ ಮನುಷ್ಯ. ಮಗ ಕೈ ನಡುಗುವ ವಿಷಯ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮರದ ತುದಿಯ ಕಾಯಿಗೆ ಗುರಿ ಇಟ್ಟಾಗ, ಹಿಂದೆ ಊರೆಲ್ಲಾ ನಿಂತಿರುವಾಗ, ನಡುಗದೆ ಇರುತ್ತದಾ? ಉಸಿರು ಬಿಟ್ಟು, ಕೋವಿ ನಿಂತಾಗ ಹೊಡೆಯೋದು" ಎಂದರು. ಮಗ ಈ ಮಾತನ್ನು ಇದೇ ಮೊದಲು ಕೇಳಿದ್ದು. ಮನೆತನದ ಬಗ್ಗೆ ಹೇಳಿದ ಆ ಮಾತು ಅಪ್ಪನಿಗೆ ನೆನಪೇ ಇರಲಿಲ್ಲ. ಮಕ್ಕಳ ಎದುರು ನಾವು ಅಭಿಮಾನದಿಂದ ಆಡುವ ಒಂದು ಮಾತು ಅವರ ಹೆಗಲ ಮೇಲೆ ವರ್ಷಗಟ್ಟಲೆ ಕೂತಿರುತ್ತದೆ. ಹಿರಿಯರು ದಯವಿಟ್ಟು ಇದನ್ನು ಗಮನಿಸಬೇಕು. ಪಂದ್ಯ ಮುಗಿದ ಕೂಡಲೇ ಫೋನ್ ಬೇಡ, ರಾತ್ರಿ ಊಟಕ್ಕೆ ಕೂತಾಗ ಮಾತಾಡೋಣ ಎಂದು ಅಪ್ಪ ತಾವಾಗಿಯೇ ಹೇಳಿದರು.

ಆಟಕ್ಕೆ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದುದು ಒಂದು. ನಿರ್ಧಾರವೆಲ್ಲ ನಿಂತೇ ಆಗಬೇಕು. ಯಾವ ಚೆಂಡು, ಎಷ್ಟು ವೇಗ, ಬಿಳಿ ಚೆಂಡು ಎಲ್ಲಿ ನಿಲ್ಲಬೇಕು, ಎಲ್ಲವೂ. ಚಾಕ್ ಕೆಳಗಿಟ್ಟರೆ ಯೋಚನೆ ಮುಗಿಯಿತು. ಬಾಗಿದ ಮೇಲೆ ಅನುಮಾನ ಬಂದರೆ ಹೊಡೆಯಬೇಡಿ, ಎದ್ದು ನಿಂತು ಮತ್ತೆ ಚಾಕ್ ಹಚ್ಚಿ. ಎದ್ದು ನಿಲ್ಲುವುದರಲ್ಲಿ ಅವಮಾನ ಏನೂ ಇಲ್ಲ. ಬಾಗಿದಾಗ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಕಣ್ಣಿನ ಕೊನೆಯ ನೋಟ ಹಾಕಬೇಕಾದ ಚೆಂಡಿನ ಮೇಲೆ, ಬಿಳಿ ಚೆಂಡು ತಾಗುವ ಜಾಗದಲ್ಲಿ ನಿಲ್ಲಲಿ. ಹೊಡೆದ ಮೇಲೂ ತಲೆ ಅಲ್ಲೇ ಇರಲಿ. ನಡುಕ ಹೋಗಲಿ ಎಂದು ಕಾಯಬೇಡಿ. ಹಿಂದಿನ ಕೈಯ ಹಿಡಿತ ಸಡಿಲ ಇದ್ದರೆ ಸ್ವಲ್ಪ ನಡುಕ ಇದ್ದರೂ ಕ್ಯೂ ನೇರವಾಗಿ ಹೋಗುತ್ತದೆ.

ಪೂಲ್‌ನಲ್ಲಿ ಕುರ್ಚಿಯಲ್ಲಿ ಕೂರುವುದೂ ಆಟವೇ. ಎದುರಾಳಿ ಬ್ರೇಕ್ ಮಾಡಿ (ಗೇಮ್‌ನ ಮೊದಲ ಹೊಡೆತ ಹೊಡೆದು) ತನ್ನ ಎಲ್ಲ ಚೆಂಡು ಹಾಕಿಬಿಟ್ಟರೆ ಕೊನೆಯ ಗೇಮ್‌ನಲ್ಲಿ ನಮಗೆ ಒಂದು ಹೊಡೆತವೂ ಸಿಗದೆ ಹೋಗಬಹುದು. ಅದು ನಮ್ಮ ಕೈಯಲ್ಲಿಲ್ಲ. ಕೂತಾಗ ಅಂಕ ಲೆಕ್ಕ ಹಾಕುತ್ತಾ ಇರಬೇಡಿ, ಟೇಬಲ್ ನೋಡಿ. ನನ್ನ ಸರದಿ ಬಂದರೆ ಕಪ್ಪು ಚೆಂಡಿಗೆ ಮುಂಚೆ ಯಾವುದನ್ನು ಉಳಿಸಿಕೊಳ್ಳಲಿ ಎಂದು ಹಿಂದಿನಿಂದ ಲೆಕ್ಕ ಹಾಕಿ. ಸಲೀಸಾಗಿ ಬೀಳುವ ಚೆಂಡು ಇಲ್ಲದಿದ್ದರೆ ಸೇಫ್ಟಿ ಆಡಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಆಡಿ. 1-0 ಇದ್ದಾಗ ಸೇಫ್ಟಿ ಆಡುವ ಕಡೆ 4-4ರಲ್ಲೂ ಸೇಫ್ಟಿಯೇ ಆಡಬೇಕು.

ಅಭ್ಯಾಸದ ಕೊನೆಗೆ, ಸುಸ್ತಾದ ಹೊತ್ತಿನಲ್ಲಿ, ಒಂದೇ ಒಂದು ಗೇಮ್ ಆಡಲು ಹೇಳಿದೆ. ಬೋರ್ಡ್ ಮೇಲೆ 4-4 ಎಂದು ಬರೆದು, ಇದ್ದವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು. ಸೋತವರು ಎಲ್ಲರಿಗೂ ತಿಂಡಿ ಕೊಡಿಸಬೇಕು. ಎರಡನೇ ಅವಕಾಶ ಇಲ್ಲ. ಸುಮ್ನೆ ನೂರು ಚೆಂಡು ಹಾಕುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಕೈ ನಡುಗುತ್ತಿರುವಾಗಲೇ ಹೊಡೆದು ರೂಢಿಯಾಗುತ್ತದೆ.

ಆ ಬಳಿಕ ಬಂದ ಮೊದಲ 4-4 ಪಂದ್ಯ ಸೋತರು. ಎದುರಾಳಿ ಚೆನ್ನಾಗಿ ಆಡಿದ್ದರು. ವಿಡಿಯೊದಲ್ಲಿ ಇವರು ಒಂದು ಹೊಡೆತಕ್ಕೆ ಬಾಗಿ, ಅನುಮಾನ ಬಂದು, ಎದ್ದು ನಿಂತಿದ್ದರು. ಅದನ್ನು ನನಗೆ ತೋರಿಸುವಾಗ ಮುಖದಲ್ಲಿ ಹಿಂದಿನ ಸಂಕೋಚ ಇರಲಿಲ್ಲ. ನಂತರದ ಒಂದನ್ನು ಗೆದ್ದಿದ್ದಾರೆ. ಕೈ ಈಗಲೂ ನಡುಗುತ್ತದೆ ಎನ್ನುತ್ತಾರೆ. ಪಂದ್ಯದ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು ಇನ್ನೂ ಬಾಕಿ ಇದೆ. ಮುಂದಿನ ಭೇಟಿಯಲ್ಲಿ ಅದನ್ನು ಕೈಗೆತ್ತಿಕೊಳ್ಳುತ್ತೇವೆ.