ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಲೇ ಇಲ್ಲ. ಕಿಡಿ ಹೊರಡಿಸುವ ಸರ್ಕ್ಯೂಟ್ ಬಾಕ್ಸ್ ಬದಲಿಸಲೇ, ಹೊಸ ಗೀಸರನ್ನೇ ಕೊಳ್ಳಲೇ?

ಸದ್ಯಕ್ಕೆ ಎರಡೂ ಬೇಡ. ಹೊಸ ಸೆಲ್ ಹಾಕಿದರೂ ‘ಟಿಕ್ ಟಿಕ್’ ಸದ್ದಿಲ್ಲ, ಸಿಲಿಂಡರ್ ತುಂಬಿದೆ, ತಣ್ಣೀರಿನ ನಲ್ಲಿಯಲ್ಲಿ ನೀರು ಜೋರಾಗಿಯೇ ಬರುತ್ತಿದೆ ಎಂದು ಬರೆದಿದ್ದೀರಿ. ಆ ಕೊನೆಯ ಮಾತು ಓದಿ ನನಗೆ ನಗು ಬಂತು. ನಾನೂ ಅದೇ ನಲ್ಲಿಯನ್ನು ನಂಬಿ ಕೆಟ್ಟವನು.

ನಮ್ಮದು ಮೈಸೂರಿನ ಕುವೆಂಪುನಗರ. ತಂಗಿಯ ಮದುವೆಯಾದ ಮೇಲಿನ ಮೊದಲ ದೀಪಾವಳಿ, ಹೊಸ ಅಳಿಯಂದಿರು ಬಂದಿದ್ದರು. ನೀರು ತುಂಬುವ ಹಬ್ಬವೆಂದು ಹಿಂದಿನ ದಿನ ನಾನೇ ತಾರಸಿ ಹತ್ತಿ ಟ್ಯಾಂಕ್ ತೊಳೆದೆ. ತಳದಲ್ಲಿ ಎರಡು ಬೆರಳು ದಪ್ಪ ಕೆಸರು. ಪೊರಕೆಯಲ್ಲಿ ಚೆನ್ನಾಗಿ ಕದಡಿ, ಆದಷ್ಟು ಹೊರಗೆ ಚೆಲ್ಲಿ, ಹೊಸ ನೀರು ತುಂಬಿಸಿ, ದೊಡ್ಡ ಕೆಲಸ ಮಾಡಿದೆನೆಂದು ಬೀಗಿದೆ. ನರಕ ಚತುರ್ದಶಿಯ ಬೆಳಗಿನ ಜಾವ ಅಳಿಯಂದಿರಿಗೆ ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿ ಬಚ್ಚಲಿಗೆ ಕಳುಹಿಸಿದರೆ, ಗೀಸರ್ ಮೂಕ.

“ಹಂಡೆಯ ಒಲೆ ಒಡೆಸಬೇಡ ಕಣೋ ಎಂದು ಬಡಿದುಕೊಂಡೆ” ಎಂದರು ಅಮ್ಮ. ತೊಳೆದು, ಸುಣ್ಣದ ಪಟ್ಟೆ ಬಳಿದು, ಹೂವು ಸುತ್ತಿ ನೀರು ತುಂಬಿದ ಹಂಡೆಯೇನೋ ಇತ್ತು; ಅದರಡಿ ಒಲೆ ಇರಲಿಲ್ಲ. ಅಡುಗೆಮನೆಯ ಪಾತ್ರೆಗಳಲ್ಲೆಲ್ಲ ನೀರು ಕಾಯಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಳಿಯಂದಿರು ಅಷ್ಟು ಹೊತ್ತೂ ಎಣ್ಣೆ ತೊಟ್ಟಿಕ್ಕಿಸುತ್ತ ಮಣೆಯ ಮೇಲೆ ಕುಳಿತಿದ್ದರು, ಪಾಪ.

ಈಗ ನನ್ನ ತಪ್ಪಿನ ವಿಷಯ. ಹಬ್ಬ ಮುಗಿದ ಮೇಲೆ ಬಂದ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆಯೇ ನೀರಿನ ಒತ್ತಡ ಸರಿಯಿದೆಯೇ ಎಂಬುದು. ನಾನು ಪಕ್ಕದ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿ ತೋರಿಸಿದೆ. ಬಕೆಟ್ ಗಳಿಗೆಯಲ್ಲಿ ತುಂಬಿತು. ಆದರೆ ಆ ನೀರು ಗೀಸರ್‌ನೊಳಗೆ ಹೋಗುವುದೇ ಇಲ್ಲ! ಟ್ಯಾಂಕ್‌ನಿಂದ ನೇರವಾಗಿ ನಲ್ಲಿಗೆ ಬರುತ್ತದೆ. ನಾನು ತಿರುಗಿಸಬೇಕಾಗಿದ್ದದ್ದು ಬಿಸಿನೀರಿನ ನಲ್ಲಿಯನ್ನು. ಬೆಂಕಿಯೇ ಹೊತ್ತದಿರುವಾಗ ಅದನ್ನು ನೋಡಿ ಮಾಡುವುದೇನು ಎಂದುಕೊಂಡುಬಿಟ್ಟೆ. ನನ್ನ ಮಾತು ನಂಬಿ ಅವನು ಸರ್ಕ್ಯೂಟ್ ಬಾಕ್ಸ್ ಬದಲಿಸಿದ, ಆಮೇಲೆ ರೆಗ್ಯುಲೇಟರ್, ಕೊನೆಗೆ ಹೊಸ ಗೀಸರ್ ಕೊಳ್ಳಿ ಎಂದ. ಅವನನ್ನು ಬೈಯಲಾರೆ. ಸುಳ್ಳು ಸಾಕ್ಷಿ ಹೇಳಿದವನು ನಾನು.

ಪಕ್ಕದ ಮನೆಯ ನಿವೃತ್ತ ಮೇಷ್ಟರು ಒಂದು ದಿನ ಬಂದು ಬಿಸಿನೀರಿನ ನಲ್ಲಿ ತಿರುಗಿಸಿದರು. ಪೆನ್ಸಿಲ್ ಗಾತ್ರದ ನೀರು. “ಇಷ್ಟಕ್ಕೆ ಅದು ಹೇಗಯ್ಯಾ ಹೊತ್ತುತ್ತದೆ?” ಎಂದರು. ಈ ಗೀಸರ್‌ಗಳಲ್ಲಿ ನೀರು ಒಳಬರುವ ಕಡೆ ಒಂದು ರಬ್ಬರ್ ಪೊರೆ ಇರುತ್ತದೆ. ನೀರು ರಭಸವಾಗಿ ಹರಿದರೆ ಮಾತ್ರ ಅದು ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ, ಆಮೇಲೆಯೇ ಕಿಡಿ, ಆಮೇಲೆಯೇ ಗ್ಯಾಸ್. ನೀರಿಲ್ಲದೆ ಬೆಂಕಿ ಹೊತ್ತಿ ಒಳಗಿನ ತಾಮ್ರದ ಕೊಳವೆ ಸುಟ್ಟುಹೋಗದಿರಲೆಂದು ಈ ಏರ್ಪಾಡು. ಅಂದರೆ ನಮ್ಮ ಗೀಸರ್ ಕೆಟ್ಟೇ ಇರಲಿಲ್ಲ.

ಟ್ಯಾಂಕಿನ ನೀರು ತಡೆಯುವ ಗೇಟ್ ವಾಲ್ವ್ ಮುಚ್ಚಿ, ಗೀಸರ್‌ಗೆ ನೀರು ಒಳಬರುವ ಪೈಪಿನ ನಟ್ಟು ಬಿಚ್ಚಿದೆವು. ಎಂಟಾಣೆ ಬಿಲ್ಲೆಯಷ್ಟಗಲದ ಒಂದು ಜಾಲರಿ ಕೈಗೆ ಬಂತು. ಕಣ್ಣೆಲ್ಲ ಮುಚ್ಚಿಹೋಗಿ, ರಾಗಿ ಅಂಬಲಿ ಬಳಿದು ಒಣಗಿಸಿದ ಹಾಗಿತ್ತು. ಟ್ಯಾಂಕ್‌ನಲ್ಲಿ ನಾನೇ ಕದಡಿದ ಕೆಸರು! ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದು ಹಾಕಿದೆವು. ಟಿಕ್ ಟಿಕ್, ಭಗ್.

ನಿಮ್ಮಲ್ಲೂ ಬಿಸಿನೀರಿನ ನಲ್ಲಿಯನ್ನೇ ತಿರುಗಿಸಿ ನೋಡಿ. ಸಣ್ಣಗೆ ಬಂದರೆ ಜಾಲರಿ ಬಿಚ್ಚಿ. ಜೋರಾಗಿ ಬಂದೂ ಸದ್ದಿಲ್ಲದಿದ್ದರೆ ಸೆಲ್ ತಲೆಕೆಳಗಾಗಿದೆಯೇ, ಅದು ತಾಗುವ ತಗಡಿಗೆ ಕಿಲುಬು ಹಿಡಿದಿದೆಯೇ ನೋಡಿ. ಸರ್ಕ್ಯೂಟ್ ಬಾಕ್ಸಿನ ಮಾತು ಅದಾದ ಮೇಲೆ. ಟಿಕ್ ಟಿಕ್ ಎಂದೂ ಹೊತ್ತದಿದ್ದರೆ ಗ್ಯಾಸ್ ಬರುತ್ತಿದೆಯೇ ಎಂದು ಮೊದಲು ನೋಡಬೇಕು, ಆದರೆ ನಿಮ್ಮದು ಆ ಕಥೆಯಲ್ಲ. ಗ್ಯಾಸಿನ ಕಡೆಯ ಪೈಪನ್ನು ಮಾತ್ರ ನೀವಾಗಿ ಮುಟ್ಟಬೇಡಿ.

ಇನ್ನೊಂದು. ಗೀಸರ್ ಬಚ್ಚಲಿನೊಳಗೇ ಇದೆ, ಚಳಿಗೆ ಕಿಟಕಿ ಮುಚ್ಚಿರುತ್ತೇವೆ ಎಂದು ಮಾತಿನ ನಡುವೆ ಬರೆದಿದ್ದೀರಲ್ಲ, ನನ್ನನ್ನು ಕೇಳಿದರೆ ನಿಮ್ಮ ನಿಜವಾದ ಪ್ರಶ್ನೆ ಅದೇ ಆಗಬೇಕಿತ್ತು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹೊರಗೇ ಬರದ ಸುದ್ದಿಯನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಹೊತ್ತಿಸುವ ಮೊದಲು ಗೀಸರನ್ನು ಬಚ್ಚಲಿನಿಂದ ಹೊರಗೆ ಸಾಗಿಸಿ. ನಾವು ಹಿತ್ತಲಿನ ಗೋಡೆಗೆ ಹಾಕಿಸಿ ಎಂಟು ಅಡಿ ಪೈಪ್ ಎಳೆಸಿದೆವು. ಈಗ ಮೊದಲ ಎರಡು ಚೊಂಬು ತಣ್ಣೀರೇ ಬರುತ್ತದೆ, ಅಮ್ಮ ದಿನವೂ ಗೊಣಗುತ್ತಾರೆ. ಗೊಣಗಲಿ.