ವೈರಸ್ ರಿಪೋರ್ಟಿನ ಬೆನ್ನು ಬಿಡಿ, ಮಂಗಳವಾರದ ಲೆಕ್ಕ ಇಡಿ

ಪ್ರಶ್ನೆ: ನನಗೆ 34 ವರ್ಷ, ಹಾವೇರಿ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. 14 ತಿಂಗಳ ಹಿಂದೆ ಜ್ವರ, ಗಂಟಲು ನೋವು ಬಂದು ಕತ್ತಿನಲ್ಲಿ ಗಡ್ಡೆ ಕಟ್ಟಿದ್ದವು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದರೂ ಇಬಿವಿ ವಿಸಿಎ ಐಜಿಜಿ ಪಾಸಿಟಿವ್. ಭಾನುವಾರ ಮನೆಗೆಲಸವೆಲ್ಲ ಮುಗಿಸಿದರೆ ಮಂಗಳವಾರ ಹಾಸಿಗೆಯಿಂದ ಏಳಲಾಗುವುದಿಲ್ಲ. ಅತ್ತೆ ಸೋಮಾರಿತನ ಅಂತಾರೆ. ಯಜಮಾನರು ರಿಪೋರ್ಟ್ ನೆಗೆಟಿವ್ ಆಗಲಿ, ಸರಿಹೋಗುತ್ತೀಯ ಅಂತಾರೆ. ಐದು ವರ್ಷದ ಮಗಳಿಗೆ ಅಂಟುತ್ತದೆಯೇ? ಕೆಲಸ ಬಿಡಲೇ?

ಉತ್ತರ: ಆ ರಿಪೋರ್ಟ್ ನೆಗೆಟಿವ್ ಆಗುವುದಿಲ್ಲ, ತಂಗಿ. ಆಗಬೇಕಾದ್ದೂ ಇಲ್ಲ. ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಒಮ್ಮೆ ಬಂದು ಹೋದವರಲ್ಲಿ ವಿಸಿಎ ಐಜಿಜಿ, ಅಂದರೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ, ಜೀವನಪೂರ್ತಿ ಉಳಿಯುತ್ತದೆ. ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಈ ಸೋಂಕು ಆಗಿಯೇ ಇರುತ್ತದೆ, ನಿಮ್ಮ ಅತ್ತೆಯವರ ರಕ್ತದಲ್ಲೂ ಬಹುಶಃ ಇದೇ ಪಾಸಿಟಿವ್ ಸಿಗುತ್ತದೆ. ಹೊಸ ಸೋಂಕಿನ ಗುರುತು ಐಜಿಎಂ ಎಂಬ ಬೇರೆ ಪ್ರತಿಕಾಯ. ಅದು ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಮಾಯ. ಇಬಿಎನ್‌ಎ ಎಂಬ ಇನ್ನೊಂದು ಗುರುತು 2ರಿಂದ 4 ತಿಂಗಳ ನಂತರ ಕಾಣಿಸಿಕೊಂಡು ಉಳಿದುಬಿಡುತ್ತದೆ, ಅದಿದ್ದರೆ ಸೋಂಕು ಹಳೆಯದು ಎಂದರ್ಥ. ಐಜಿಜಿ ಅಂಕಿ ಏರಿತೋ ಇಳಿಯಿತೋ ಎಂಬುದು ಸುಸ್ತಿನ ಅಳತೆಯಲ್ಲ. ನಾಲ್ಕನೇ ಸಲ ಆ ಪರೀಕ್ಷೆಗೆ ದುಡ್ಡು ಹಾಕಬೇಡಿ. ಅದನ್ನು ಇಳಿಸಲೆಂದು ಯಾರಾದರೂ ವೈರಸ್ ವಿರುದ್ಧದ ಮಾತ್ರೆ ಬರೆದುಕೊಟ್ಟರೂ ಬೇಡ, ಈ ಸುಸ್ತಿಗೆ ಅದರಿಂದ ಗುಣವಾಗುತ್ತದೆಂದು ಸಾಬೀತಾಗಿಲ್ಲ.

ಮಗಳ ಚಿಂತೆ ಬಿಡಿ. ಇದು ಎಂಜಲಿನಿಂದ ಹರಡುವ ವೈರಸ್, ನಿಜ. ಆದರೆ ಹೆಚ್ಚಿನ ಮಕ್ಕಳಿಗೆ ಮನೆಯಲ್ಲೋ ಶಾಲೆಯಲ್ಲೋ ಚಿಕ್ಕಂದಿನಲ್ಲೇ ಬಂದು, ಸಾಮಾನ್ಯ ನೆಗಡಿ-ಜ್ವರದ ಹಾಗೆ ಹೋಗುತ್ತದೆ. ತಟ್ಟೆ-ಲೋಟ ಬೇರೆ ಮಾಡುವುದು ಬೇಡ.

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಮಂಗಳವಾರ. ದುಡಿದ ದಿನ ಸುಸ್ತಾಗುವುದು ಎಲ್ಲರಿಗೂ ಇದ್ದದ್ದೇ. ದುಡಿದು 12ರಿಂದ 48 ಗಂಟೆ ಕಳೆದ ಮೇಲೆ ಕುಸಿಯುವುದು ಬೇರೆ. ಆರು ತಿಂಗಳು ಮೀರಿದ ಸುಸ್ತು, ಈ ತಡವಾದ ಕುಸಿತ, ಮಲಗಿ ಎದ್ದರೂ ದಣಿವಾರದಿರುವುದು, ಇವುಗಳ ಜೊತೆ ತಲೆ ಮಂಕಾಗುವುದೋ ನಿಂತರೆ ತಲೆ ತಿರುಗುವುದೋ ಇದ್ದರೆ ವೈದ್ಯರು ಅದನ್ನು ಕ್ರಾನಿಕ್ ಫ್ಯಾಟಿಗ್ ಸಿಂಡ್ರೋಮ್ ಎನ್ನುತ್ತಾರೆ. ಸೋಮಾರಿತನ ಎಂಬ ಮಾತಿಗೆ ಉತ್ತರವೂ ಇದೆ. ಆಸ್ಟ್ರೇಲಿಯಾದ ಡಬ್ಬೋ ಪ್ರದೇಶದಲ್ಲಿ ಇದೇ ವೈರಸ್ ಸೇರಿ ಮೂರು ಬಗೆಯ ಸೋಂಕು ತಗುಲಿದ 253 ಜನರನ್ನು ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳಾದರೂ ಸುಮಾರು 12% ಮಂದಿಯ ಸುಸ್ತು ಹೋಗಿರಲಿಲ್ಲ. ಯಾರಿಗೆ ಉಳಿಯಿತು ಎಂಬುದು ಮೊದಲ ಜ್ವರ ಎಷ್ಟು ಜೋರಾಗಿತ್ತು ಎಂಬುದರ ಮೇಲೆ ನಿಂತಿತ್ತು, ಅವರ ಸ್ವಭಾವದ ಮೇಲಲ್ಲ.

ಹಾಗಂತ ಬೇರೆ ಕಾರಣಗಳನ್ನು ನೋಡದೆ ಈ ಹೆಸರು ಅಂಟಿಸಿಕೊಳ್ಳಬಾರದು. ಫಿಸಿಷಿಯನ್ ಹತ್ತಿರ ಹೋಗಿ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್), ಬಿ12, ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡ), ಲಿವರ್ ಪರೀಕ್ಷೆ, ಇಎಸ್‌ಆರ್ (ಉರಿಯೂತ) ಮಾಡಿಸಿ. ಹಿಮೋಗ್ಲೋಬಿನ್ 12 ಇದ್ದರೂ ಫೆರಿಟಿನ್ ತಳ ಕಂಡಿರಬಹುದು, ಅದನ್ನು ಕೇಳಿಯೇ ಬರೆಸಿಕೊಳ್ಳಿ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕರಗದ ಗಡ್ಡೆ ಇದ್ದರೆ ಟಿಬಿ ಮತ್ತಿತರ ತಪಾಸಣೆಗೆ ತಡಮಾಡಬೇಡಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. 10 ನಿಮಿಷ ಮಲಗಿ ನಾಡಿ ಎಣಿಸಿ. ಎದ್ದು ಗೋಡೆಗೆ ಒರಗಿ 10 ನಿಮಿಷ ಅಲುಗಾಡದೆ ನಿಂತು ನಿಮಿಷಕ್ಕೊಮ್ಮೆ ಎಣಿಸಿ. ಪಕ್ಕದಲ್ಲಿ ಯಾರಾದರೂ ಇರಲಿ, ಕಣ್ಣು ಕತ್ತಲಾದರೆ ತಕ್ಷಣ ಮಲಗಿ. ಮಲಗಿದ್ದಾಗಿನದಕ್ಕಿಂತ ನಾಡಿ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ಅಲ್ಲೇ ನಿಂತರೆ ಆ ಅಂಕಿಗಳನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ನಿಂತಾಗ ನಾಡಿ ಹೀಗೆ ಏರುವ ತೊಂದರೆಗೆ ಬೇರೆಯದೇ ಚಿಕಿತ್ಸೆ ಇದೆ. ಅದಕ್ಕೆಂದು ಹೇಳುವ ಉಪ್ಪು ಹೆಚ್ಚಿಸುವುದನ್ನು ಮಾತ್ರ ಬಿಪಿ ನೋಡಿಸದೆ ಮಾಡಬೇಡಿ.

ನಾಲ್ಕು ವಾರ ನೋಟ್‌ಬುಕ್ ಇಡಿ: ಏನು ಮಾಡಿದಿರಿ, ಎಷ್ಟು ನಿಮಿಷ, ಮರುದಿನ ಮತ್ತು ಅದರ ಮರುದಿನ ಹೇಗಿದ್ದಿರಿ. ಕುಸಿತ ಬಾರದ ದಿನಗಳಲ್ಲಿ ಎಷ್ಟು ದುಡಿದಿದ್ದಿರೋ ಅದು ನಿಮ್ಮ ಮಿತಿ, ಅದಕ್ಕಿಂತ ತುಸು ಕಡಿಮೆಯಲ್ಲೇ ನಿಲ್ಲಿಸಿ. ಎಲ್ಲರೂ ಎಡವುವುದು ಒಳ್ಳೆಯ ದಿನದಲ್ಲೇ: ಇವತ್ತು ಮೈ ಹಗುರ ಎಂದು ವಾರದ ಬಟ್ಟೆಯನ್ನೆಲ್ಲ ಒಗೆದುಬಿಡುತ್ತೀರಿ. ರೊಟ್ಟಿಯ ಲೆಕ್ಕವನ್ನೇ ನೋಡಿ. ಇಪ್ಪತ್ತು ರೊಟ್ಟಿ ಒಂದೇ ಸಲ ನಿಂತು ತಟ್ಟುವ ಬದಲು ಕೂತು ಐದು ತಟ್ಟಿ, ಹದಿನೈದು ನಿಮಿಷ ಕಣ್ಣು ಮುಚ್ಚಿ ಮಲಗಿ. ಆ ಹೊತ್ತಿನಲ್ಲಿ ಮೊಬೈಲ್ ಬೇಡ. ಮುಂದಿನ ಐದನ್ನು ಯಜಮಾನರು ತಟ್ಟಲಿ. ಉಳಿದದ್ದಕ್ಕೆ ಅಂಗಡಿಯ ಖಡಕ್ ರೊಟ್ಟಿ ಇದೆ. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಏರಿಸುತ್ತಾ ಹೋಗಿ ಎಂಬ ಸಲಹೆಗೆ ಒಪ್ಪಬೇಡಿ. ವೈದ್ಯರಿಗೆ ಚಿಕಿತ್ಸಾ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಈ ಕಾಯಿಲೆಯ 2021ರ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟಿದೆ.

ಕೆಲಸ ಈಗಲೇ ಬಿಡಬೇಡಿ. ವೈದ್ಯರ ಪತ್ರ ಇಟ್ಟು ಮುಖ್ಯ ಶಿಕ್ಷಕರಲ್ಲಿ ಮೂರು ವಿಷಯ ಕೇಳಿ: ಕೂತು ಪಾಠ ಮಾಡಲು ಎತ್ತರದ ಕುರ್ಚಿ, ಬೆಳಗಿನ ಪ್ರಾರ್ಥನೆಯಲ್ಲಿ ನಿಲ್ಲುವುದರಿಂದ ವಿನಾಯಿತಿ, ಊಟದ ಬಿಡುವಿನಲ್ಲಿ 20 ನಿಮಿಷ ಮಲಗಲು ಒಂದು ಮೂಲೆ. ಮೂರು ತಿಂಗಳು ಹೀಗೆ ನಡೆಸಿಯೂ ಕುಸಿತ ನಿಲ್ಲದಿದ್ದರೆ ಆಗ ರಜೆಯ ಮಾತು. ಬೇಗ ಗುಣವಾಗುತ್ತದೆಂದು ನಾವು ಮಾತು ಕೊಡಲಾರೆವು. ಕುಸಿತಗಳು ಕಡಿಮೆಯಾದರೆ ಬದುಕು ಕೈಗೆ ಸಿಗುತ್ತದೆ, ಅಷ್ಟು ಹೇಳಬಲ್ಲೆವು.

ನೋಟ್‌ಬುಕ್ಕಿನ ಕೊನೆಯ ಕಾಲಂ ಯಜಮಾನರೇ ತುಂಬಲಿ. ಭಾನುವಾರ ಏನು ನಡೆಯಿತು, ಮಂಗಳವಾರ ನೀವು ಎಷ್ಟು ಹೊತ್ತಿಗೆ ಎದ್ದಿರಿ ಎಂದು ಅವರ ಕೈಯಿಂದಲೇ ನಾಲ್ಕು ವಾರ ಬರೆಸಿ. ಆಮೇಲೆ ಆ ಪುಟಗಳನ್ನು ಅತ್ತೆಯವರಿಗೆ ಓದಿ ಹೇಳುವುದೂ ಅವರದೇ ಕೆಲಸವಾಗಲಿ.