ಹಿತ್ತಿಲಿನ ಓಕ್ ಮರ, ಅಪ್ಪ-ಅಮ್ಮನ ಕೋಣೆ ಮತ್ತು ಆಸ್ಟಿನ್ ನಗರದ ನಿಯಮ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ಗೆ ಬಂದು ಮನೆ ಕೊಂಡಿದ್ದೀರಿ. ಬೆಡ್‌ರೂಮುಗಳೆಲ್ಲ ಮಹಡಿ ಮೇಲಿವೆ. ಹಾಸನದಿಂದ ಅಪ್ಪ-ಅಮ್ಮ ಬಂದರೆ ಅಪ್ಪನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಹಾಗಾಗಿ ಕೆಳಗೆ ಒಂದು ಕೋಣೆ, ಒಂದು ಬಚ್ಚಲು ಸೇರಿಸಬೇಕು. ಅದಕ್ಕೆ ಇರುವುದು ಹಿತ್ತಿಲು ಮಾತ್ರ, ಅಲ್ಲಿ ನೋಡಿದರೆ ದೊಡ್ಡ ಲೈವ್ ಓಕ್ ನಿಂತಿದೆ. "ನಮ್ಮ ಜಾಗದ ಮರ ಕಡಿಯೋಕೆ ಇವರನ್ನ ಯಾಕೆ ಕೇಳಬೇಕು ಅಕ್ಕಾ? ವೇರಿಯನ್ಸ್ ಅಂತ, ಅಂದರೆ ನಿಯಮದಿಂದ ವಿನಾಯಿತಿ, ಇದೆಯಂತಲ್ಲ, ಅದನ್ನ ಹೇಗೆ ತಗೊಳ್ಳೋದು? ಕಂಟ್ರಾಕ್ಟರ್ ಅಂತೂ ಭಾನುವಾರ ಬೆಳಿಗ್ಗೆ ಕಡಿದುಬಿಟ್ಟರೆ ಯಾರಿಗೂ ಗೊತ್ತಾಗಲ್ಲ ಅಂತಾನೆ" ಎಂದು ಬರೆದಿದ್ದೀರಿ.

ಮೊದಲು ಕಂಟ್ರಾಕ್ಟರ್ ಮಾತನ್ನು ತಲೆಯಿಂದ ತೆಗೆದುಹಾಕಿ. ಅವನು ಮುಂದಿನ ವಾರ ಬೇರೆ ಕೆಲಸಕ್ಕೆ ಹೋಗುತ್ತಾನೆ. ಮನೆ ನಿಮ್ಮ ಹೆಸರಲ್ಲಿದೆ, ದಂಡ ಬರುವುದೂ ನಿಮ್ಮ ಹೆಸರಿಗೇ. ದೊಡ್ಡ ಮರ ಕಡಿಯುವುದು ಗುಟ್ಟಾಗಿ ಆಗುವ ಕೆಲಸವಲ್ಲ. ಗರಗಸದ ಸದ್ದು ನಾಲ್ಕು ಮನೆ ಆಚೆಗೂ ಕೇಳುತ್ತದೆ, ಯಾರಾದರೂ ನಗರದ ದೂರು ಸಂಖ್ಯೆ 311ಕ್ಕೆ ಫೋನ್ ಮಾಡುತ್ತಾರೆ. ಆಮೇಲೆ ಕೋಣೆಯ ಪರ್ಮಿಟ್ಟೂ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಒಂದು ಟೇಪು ತಗೊಂಡು ಹಿತ್ತಿಲಿಗೆ ಹೋಗಿ. ಬಟ್ಟೆ ಹೊಲಿಯುವವರ ಟೇಪು ಇದ್ದರೆ ಇನ್ನೂ ಒಳ್ಳೆಯದು, ಅದು ಸರಿಯಾಗಿ 60 ಇಂಚು ಇರುತ್ತದೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ, ಬೊಡ್ಡೆಗೆ ಸುತ್ತಿ. ಟೇಪಿನ ಎರಡು ತುದಿ ಕೂಡದಿದ್ದರೆ ಮರದ ವ್ಯಾಸ 19 ಇಂಚು ದಾಟಿದೆ ಎಂದು ಲೆಕ್ಕ. ಆಸ್ಟಿನ್‌ನಲ್ಲಿ 19 ಇಂಚಿನಿಂದ ಮೇಲಿನ ಮರ ಯಾವ ಜಾತಿಯದಾದರೂ "ಪ್ರೊಟೆಕ್ಟೆಡ್", ಅಂದರೆ ಸಂರಕ್ಷಿತ. ಸುತ್ತಳತೆ 75 ಇಂಚಿನ ಮೇಲೆ ಬಂದರೆ ವ್ಯಾಸ 24 ಇಂಚು. ಆಗ ಎಲ್ಲಾ ಓಕ್‌ಗಳು, ಪೆಕಾನ್, ಸೀಡರ್ ಎಲ್ಮ್, ಬಾಲ್ಡ್ ಸೈಪ್ರೆಸ್ ಮುಂತಾದ ಕೆಲವು ಜಾತಿಗಳು "ಹೆರಿಟೇಜ್ ಟ್ರೀ", ಅಂದರೆ ಇನ್ನೂ ಬಿಗಿಯಾದ ರಕ್ಷಣೆಯ ಮರ, ಆಗುತ್ತವೆ. 2010ರಲ್ಲಿ ಬಂದ ನಿಯಮ ಇದು. ಸುತ್ತಳತೆ 94 ಇಂಚು ದಾಟಿದರೆ ವ್ಯಾಸ 30 ಇಂಚು, ಅಲ್ಲಿಂದ ದಾರಿಯೇ ಬೇರೆ. ಲೈವ್ ಓಕ್‌ಗೆ ಎಷ್ಟೋ ಸಲ ಬುಡದಿಂದಲೇ ಎರಡು-ಮೂರು ಕಾಂಡ ಇರುತ್ತವೆ. ಆಗ ದಪ್ಪನೆಯ ಕಾಂಡದ ಪೂರ್ತಿ ವ್ಯಾಸಕ್ಕೆ ಉಳಿದವುಗಳ ಅರ್ಧರ್ಧ ಸೇರಿಸುತ್ತಾರೆ. ನೋಡಲು ಸಣ್ಣದು ಅನಿಸಿದ ಮರ ಹೀಗೆ ದೊಡ್ಡದಾಗಿಬಿಡುತ್ತದೆ.

ಜೊತೆಗೆ ನಿಮ್ಮ ಮನೆ ನಿಜವಾಗಿಯೂ ಆಸ್ಟಿನ್ ನಗರದ ಒಳಗಿದೆಯಾ ಎಂದು ನೋಡಿಕೊಳ್ಳಿ. ಅಂಚೆ ವಿಳಾಸದಲ್ಲಿ ಆಸ್ಟಿನ್ ಅಂತ ಇದ್ದ ಮಾತ್ರಕ್ಕೆ ಸಾಲದು. ನಮ್ಮವರು ಜಾಸ್ತಿ ಇರುವ ರೌಂಡ್ ರಾಕ್, ಸೀಡರ್ ಪಾರ್ಕ್, ಲಿಯಾಂಡರ್ ಎಲ್ಲ ಬೇರೆ ಬೇರೆ ನಗರಗಳು, ಅವಕ್ಕೆ ಅವುಗಳದ್ದೇ ನಿಯಮ. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ಯಾವ ನಗರಕ್ಕೆ ತೆರಿಗೆ ಹೋಗುತ್ತಿದೆ ಎಂದು ಇರುತ್ತದೆ, ಅದನ್ನು ನೋಡಿ. ಎಚ್ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಇದ್ದರೆ ಅವರ ಒಪ್ಪಿಗೆ ಬೇರೆ, ನಗರದ್ದು ಬೇರೆ. ಒಂದು ಸಿಕ್ಕಿದರೆ ಇನ್ನೊಂದು ಸಿಕ್ಕಂತಲ್ಲ.

ನಿಮ್ಮದು ಹೆರಿಟೇಜ್ ಓಕ್ ಎಂದೇ ಇಟ್ಟುಕೊಳ್ಳೋಣ. ಮರ ಸತ್ತಿದ್ದರೆ, ವಾಸಿಯಾಗದ ರೋಗ ಬಂದಿದ್ದರೆ, ಅಥವಾ ಬೇರೆ ಯಾವ ರೀತಿಯಲ್ಲೂ ತಡೆಯಲಾಗದಂತೆ ಮನೆ ಮೇಲೆ ಬೀಳುವ ಅಪಾಯವಿದ್ದರೆ ನಗರದ ಆರ್ಬರಿಸ್ಟ್ (ಮರಗಳ ತಜ್ಞ) ನೋಡಿ ಅನುಮತಿ ಕೊಡಬಹುದು. (ಫೆಬ್ರವರಿ-ಮಾರ್ಚ್‌ನಲ್ಲಿ ಲೈವ್ ಓಕ್ ಎಲೆಯೆಲ್ಲ ಹಳದಿಯಾಗಿ ಉದುರುತ್ತದೆ. ಹೊಸಬರು ಒಣಗಿಹೋಯಿತು ಎಂದುಕೊಳ್ಳುತ್ತಾರೆ. ಅದು ಹೊಸ ಚಿಗುರಿಗೆ ಜಾಗ ಮಾಡಿಕೊಡುತ್ತಿರುತ್ತದೆ ಅಷ್ಟೇ.) ಮರ ಗಟ್ಟಿಮುಟ್ಟಾಗಿದ್ದರೆ, ಅದರಿಂದ ನಿಮ್ಮ ಜಾಗವನ್ನು ನ್ಯಾಯವಾಗಿ ಬಳಸಲು ಆಗುತ್ತಲೇ ಇಲ್ಲ ಎಂದು ನೀವೇ ತೋರಿಸಬೇಕು. ಎಲ್ಲಾ ಕಾಂಡಗಳೂ 30 ಇಂಚಿಗಿಂತ ಸಣ್ಣವಾದರೆ ಆರ್ಬರಿಸ್ಟ್ ಮಟ್ಟದಲ್ಲೇ ತೀರ್ಮಾನ. ಒಂದು ಕಾಂಡ 30 ಇಂಚು ಮುಟ್ಟಿದರೂ ವಿಷಯ ನಗರದ ಕಮಿಷನ್ ಮುಂದೆ ಹೋಗುತ್ತದೆ, ಸಾರ್ವಜನಿಕ ಸಭೆಯಲ್ಲಿ.

ಇಲ್ಲೊಂದು ಮಾತನ್ನು ಸರಿಯಾಗಿ ಗಮನಿಸಬೇಕು. ನೀವು ಆರಿಸಿಕೊಂಡ ಪ್ಲಾನಿನಿಂದಲೇ ಹುಟ್ಟಿದ ತೊಂದರೆಯನ್ನು ಮುಂದಿಟ್ಟು ವಿನಾಯಿತಿ ಕೇಳುವಂತಿಲ್ಲ ಎಂದು ನಿಯಮ ಹೇಳುತ್ತದೆ. ಕೋಣೆ ಇಲ್ಲೇ ಬರಬೇಕು, ಇಷ್ಟೇ ಅಗಲ ಇರಬೇಕು, ಆದ್ದರಿಂದ ಮರ ಅಡ್ಡ ಎಂದರೆ ಅವರು ಒಪ್ಪುವುದಿಲ್ಲ. ಅಪ್ಪನ ಮೊಣಕಾಲು ನೋವು ನಮಗೆ ದೊಡ್ಡ ಕಾರಣ. ಅದನ್ನು ಕೇಳಿದವರು ಮರುಗುತ್ತಾರೆ ಕೂಡ. ಆದರೆ ಕಾಗದದ ಮೇಲೆ ಅವರು ನೋಡುವುದು ಜಾಗವನ್ನು, ಮನೆಯವರನ್ನಲ್ಲ. ಮಹಡಿಯ ಮನೆ ಈಗಾಗಲೇ ಎದ್ದು ನಿಂತಿದೆ, ಜನ ವಾಸವಾಗಿದ್ದಾರೆ. ಜಾಗದ ಬಳಕೆ ಆಗುತ್ತಿದೆಯಲ್ಲ ಎಂದರೆ ಏನು ಉತ್ತರ ಕೊಡುತ್ತೀರಿ? ಅದಕ್ಕೇ ಹೇಳುವುದು, ಮರ ಕಡಿಯುವ ಅರ್ಜಿಯಿಂದ ಶುರು ಮಾಡಿದರೆ ನಿಮಗೆ ಸೋಲೇ ಜಾಸ್ತಿ.

ಶುರು ಮಾಡಬೇಕಾದದ್ದು ಇನ್ನೊಂದು ತುದಿಯಿಂದ. ಮರದ ವೇರಿಯನ್ಸ್ ಕೇಳುವ ಮೊದಲು, ಬೇರೆ ಯಾವ ನಿಯಮ ಸಡಿಲಿಸಿದರೆ ಮರ ಉಳಿಯುತ್ತದೋ ಆ ಸಡಿಲಿಕೆಯನ್ನು ಕೇಳಿರಲೇಬೇಕು ಎಂದು ಇದೇ ಕಾನೂನಿನಲ್ಲಿದೆ. ಸುಮಾರು ಜನ ಇದನ್ನು ಇನ್ನೊಂದು ಅಡ್ಡಿ ಎಂದು ಓದುತ್ತಾರೆ. ನಾನು ಇದನ್ನು ಬಾಗಿಲು ಎಂದು ಓದುತ್ತೇನೆ. ಪಕ್ಕದ ಬೇಲಿಯಿಂದ ಸಾಮಾನ್ಯವಾಗಿ 5 ಅಡಿ ಸೆಟ್‌ಬ್ಯಾಕ್, ಅಂದರೆ ಏನೂ ಕಟ್ಟದ ಖಾಲಿ ಪಟ್ಟಿ, ಬಿಡಬೇಕು. ಕೋಣೆಯನ್ನು ಆ ಪಟ್ಟಿಯ ಒಳಕ್ಕೆ ಸ್ವಲ್ಪ ಸರಿಸಿದರೆ ಓಕ್ ಬಚಾವಾಗುತ್ತದಾ? ಹಾಗಿದ್ದರೆ ಇಂಥ ವಿನಾಯಿತಿಗಳನ್ನು ತೀರ್ಮಾನಿಸುವ ನಗರದ ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್ ಮುಂದೆ ಸೆಟ್‌ಬ್ಯಾಕ್‌ನಿಂದ ವೇರಿಯನ್ಸ್ ಕೇಳಿ. ಅವರಿಗೆ ಬೇಕಾದದ್ದು ನಿಮ್ಮ ಜಾಗಕ್ಕೇ ವಿಶೇಷವಾದ ಒಂದು ತೊಡಕು. ಎಲ್ಲರ ಹಿತ್ತಿಲಲ್ಲೂ ಇರದ, ನೀವು ತಂದಿಡದ ತೊಡಕು. ನೂರು ವರ್ಷದಿಂದ ಅಲ್ಲೇ ನಿಂತ ಓಕ್‌ಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಆರ್ಬರಿಸ್ಟ್ ಮುಂದೆ ನಿಮಗೆ ಎದುರಾಳಿಯಾದ ಮರ, ಇಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಅದು ತಲುಪುವ ಮೊದಲೇ ನೀವು ಒಂದು ಸಂಜೆ ಪ್ಲಾನ್ ಹಿಡಿದು ಅವರ ಮನೆಗೆ ಹೋಗಿ ಮಾತಾಡಿ. "ಮರ ಉಳಿಸೋಕೆ ನಿಮ್ಮ ಬೇಲಿ ಕಡೆ ಎರಡಡಿ ಬರ್ತೀವಿ" ಎಂದರೆ ಒಪ್ಪುವವರೇ ಜಾಸ್ತಿ. ಅವರ ಹಿತ್ತಿಲಿಗೂ ಆ ಮರದ ನೆರಳೇ ಅಲ್ವಾ.

ಮರ ಉಳಿಸಿಕೊಂಡು ಕಟ್ಟುವುದಕ್ಕೂ ಲೆಕ್ಕ ಇದೆ. ವ್ಯಾಸ ಎಷ್ಟು ಇಂಚೋ, ಬುಡದಿಂದ ಸುತ್ತಲೂ ಅಷ್ಟು ಅಡಿವರೆಗಿನ ಜಾಗವನ್ನು ಬೇರಿನ ವಲಯ ಎಂದು ಹಿಡಿಯುತ್ತಾರೆ. 24 ಇಂಚಿನ ಮರಕ್ಕೆ ಬುಡದಿಂದ 24 ಅಡಿವರೆಗೆ. ಅದರಲ್ಲಿ ಬುಡದ ಹತ್ತಿರದ ಕಾಲುಭಾಗ, ಅಂದರೆ 6 ಅಡಿ ಒಳಗೆ, ಏನೂ ಮುಟ್ಟುವಂತಿಲ್ಲ. 12 ಅಡಿ ಒಳಗೆ ನೆಲವನ್ನು 4 ಇಂಚಿಗಿಂತ ಜಾಸ್ತಿ ಅಗೆಯುವಂತಿಲ್ಲ, ಏರಿಸುವಂತಿಲ್ಲ. ಒಟ್ಟು ಬೇರಿನ ವಲಯದ ಅರ್ಧವಾದರೂ ಇದ್ದ ಹಾಗೇ ಇರಬೇಕು. ಕೊಂಬೆಗಳಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಕತ್ತರಿಸುವಂತಿಲ್ಲ.

ಇದನ್ನು ಕೇಳಿ ಆಗುವುದೇ ಇಲ್ಲ ಅನಿಸಬಹುದು. ಆಗುತ್ತದೆ. ಇಲ್ಲಿ ಎಲ್ಲರೂ ಕಾಂಕ್ರೀಟ್ ಸ್ಲ್ಯಾಬ್ ಸುರಿದು ಅದರ ಮೇಲೆ ಕಟ್ಟುತ್ತಾರೆ. ಸ್ಲ್ಯಾಬ್ ಬೇರನ್ನು ಕೊಲ್ಲುತ್ತದೆ. ಅದರ ಬದಲು ಪಿಯರ್ ಅಂಡ್ ಬೀಮ್ ಮಾಡಿ: ಅಲ್ಲೊಂದು ಇಲ್ಲೊಂದು ಗುಣಿ ತೋಡಿ ಕಂಬ ನಿಲ್ಲಿಸಿ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ನೆಲ. ಕೆಳಗೆ ಮಣ್ಣು ಉಸಿರಾಡುತ್ತದೆ. ನಮ್ಮ ಮನೆ ಹಿಂದೆ ಕೋಣೆ ಸೇರಿಸಿದಾಗ ಹೀಗೇ ಮಾಡಿಸಿದೆವು. ಖಾಸಗಿ ಆರ್ಬರಿಸ್ಟ್ ಒಬ್ಬರು ಗಾಳಿ ಊದುವ ಉದ್ದ ಕೊಳವೆ ತಂದಿದ್ದರು, ಏರ್ ಸ್ಪೇಡ್ ಅಂತಾರೆ. ಗುದ್ದಲಿ ತಾಗಿಸದೆ ಬರೀ ಗಾಳಿಯಲ್ಲೇ ಮಣ್ಣು ಹಾರಿಸುತ್ತಾ ಹೋದರು. ಅರ್ಧ ಗಂಟೆಯಲ್ಲಿ ಮುಂಗೈ ದಪ್ಪದ ಬೇರುಗಳು, ಅವುಗಳಿಂದ ಕವಲೊಡೆದ ಕೂದಲೆಳೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡದ್ದು ಬರಿಗಣ್ಣಿಗೆ ಕಂಡವು. ಕಂಬ ಬರಬೇಕಾದ ಒಂದು ಗುರುತಿನ ಅಡಿಯಲ್ಲೇ ದೊಡ್ಡ ಬೇರು ಹಾದುಹೋಗಿತ್ತು. ಎಂಜಿನಿಯರ್ ಅಲ್ಲೇ ನಿಂತು ಕಂಬವನ್ನು ಒಂದೂವರೆ ಅಡಿ ಸರಿಸಿದರು. ಮರ ಇವತ್ತಿಗೂ ಸೊಂಪಾಗಿದೆ.

ಬಚ್ಚಲಿನ ಡ್ರೈನ್ ಪೈಪನ್ನು ಮಾತ್ರ ಮರೆಯಬೇಡಿ. ಕೋಣೆಯನ್ನು ಜೋಪಾನವಾಗಿ ಕಟ್ಟಿ, ಕೊನೆಗೆ ಪ್ಲಂಬರ್ ಬಂದು ಬೇರಿನ ನಡುವೆ ನೇರ ಕಾಲುವೆ ತೋಡಿದರೆ ಪಟ್ಟ ಪಾಡೆಲ್ಲ ಹಾಳು. ಪೈಪಿನ ದಾರಿ, ಎಸಿ ಇಡುವ ಕಟ್ಟೆ, ಸಿಮೆಂಟ್ ತೊಳೆಯುವ ಜಾಗ ಎಲ್ಲವೂ ಪ್ಲಾನಿನಲ್ಲಿ ಬರಲಿ. ಕೆಲಸ ಮುಗಿಯುವವರೆಗೂ ಬೇರಿನ ವಲಯದ ಸುತ್ತ ಬೇಲಿ ಇರಲಿ.

ಕೊಂಬೆ ಸವರಿಸಬೇಕಾದರೆ ಫೆಬ್ರವರಿಯಿಂದ ಜೂನ್ ತನಕ ಮುಟ್ಟಲೇಬೇಡಿ. ಓಕ್ ವಿಲ್ಟ್ ಎಂಬ ಶಿಲೀಂಧ್ರದ ರೋಗ ಇದೆ. ಹಸಿ ಗಾಯದ ರಸಕ್ಕೆ ಬರುವ ಸಣ್ಣ ಜೀರುಂಡೆಗಳು ಅದನ್ನು ಹೊತ್ತು ತರುತ್ತವೆ. ಲೈವ್ ಓಕ್‌ಗಳ ಬೇರು ನೆಲದೊಳಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ನಿಮ್ಮ ಮರಕ್ಕೆ ಬಂದದ್ದು ಬೀದಿಯ ಮರಗಳಿಗೆಲ್ಲ ಹಬ್ಬಬಹುದು. ಯಾವ ತಿಂಗಳಲ್ಲಿ ಕತ್ತರಿಸಿದರೂ ಗಾಯಕ್ಕೆ ತಕ್ಷಣ ಪೇಂಟ್ ಹಚ್ಚಿಸಿ.

ನಮ್ಮ ಜಾಗದ ಮರಕ್ಕೆ ಇವರ ಅಪ್ಪಣೆ ಯಾಕೆ ಎಂದಿರಿ. ಊರಿನ ತೋಟದಲ್ಲಿ ತೆಂಗು, ಸಿಲ್ವರ್ ಓಕ್ ಕಡಿಯಲು ಯಾರನ್ನೂ ಕೇಳುತ್ತಿರಲಿಲ್ಲ ಎಂದಿರಿ. ಅವೆರಡೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿವೆ, ಅದಕ್ಕೆ ಕೇಳುತ್ತಿರಲಿಲ್ಲ. ಆ ಕಾಯ್ದೆ 1976ರದು. ಪಟ್ಟಿಯಲ್ಲಿಲ್ಲದ ಮರ ಬೆಂಗಳೂರಿನ ನಿಮ್ಮದೇ ಸೈಟಿನಲ್ಲಿದ್ದರೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇಲ್ಲೂ ಈ ಜಗಳ ಇದ್ದದ್ದೇ. ಟೆಕ್ಸಸ್ ಗವರ್ನರ್ ಗ್ರೆಗ್ ಅಬ್ಬಾಟ್ ಕೂಡ ತಮ್ಮ ಆಸ್ಟಿನ್ ಮನೆಯ ಪೆಕಾನ್ ಮರದ ವಿಷಯದಲ್ಲಿ ನಗರದ ಮೇಲೆ ಅಸಮಾಧಾನ ಹೇಳಿಕೊಂಡವರು. 2017ರಲ್ಲಿ ರಾಜ್ಯವೇ ಕಾನೂನು ತಂದು, ಮಾಲೀಕರು ವಾಸವಿರುವ ಮನೆಯ 10 ಇಂಚಿಗಿಂತ ಸಣ್ಣ ಮರಕ್ಕೆ ನಗರಗಳು ಶುಲ್ಕ ಹಾಕಬಾರದು ಎಂದಿತು. ಗಿಡ ನೆಟ್ಟು ಶುಲ್ಕದಲ್ಲಿ ಕಡಿತ ಪಡೆಯುವ ದಾರಿಯನ್ನೂ ಕೊಟ್ಟಿತು. ನಿಮ್ಮ ಓಕ್‌ಗೆ 10 ಇಂಚಿನ ಮಾತು ಅನ್ವಯಿಸುವುದಿಲ್ಲ.

ಈ ಊರಿನವರಿಗೆ ಓಕ್ ಮೇಲೆ ಇಷ್ಟು ಜೀವ ಯಾಕೆ ಎಂದು ತಿಳಿಯಬೇಕಾದರೆ ಬೇಲರ್ ಸ್ಟ್ರೀಟಿನ ಟ್ರೀಟಿ ಓಕ್ ನೋಡಿ ಬನ್ನಿ. ಸುಮಾರು 500 ವರ್ಷದ ಮರ. 1989ರಲ್ಲಿ ಒಬ್ಬ ಅದರ ಬುಡಕ್ಕೆ ಕಳೆನಾಶಕ ಸುರಿದ. ಉದ್ಯಮಿ ರಾಸ್ ಪೆರೋ ಎಷ್ಟು ಖರ್ಚಾದರೂ ಆಗಲಿ ಎಂದು ಖಾಲಿ ಚೆಕ್ ಕೊಟ್ಟರು. ಜನ ಮರದ ಕೆಳಗೆ ಪತ್ರಗಳನ್ನು ಇಟ್ಟು ಹೋದರು. ವಿಷ ಹಾಕಿದವನಿಗೆ ಜೈಲಾಯಿತು. ಮೂರನೇ ಒಂದು ಭಾಗದಷ್ಟು ಮರ ಉಳಿದುಕೊಂಡಿತು. ಸಭೆಯಲ್ಲಿ ನಿಮ್ಮ ಅರ್ಜಿ ಓದುವವರಲ್ಲಿ ಆ ದಿನಗಳನ್ನು ಕಂಡವರೂ ಇರಬಹುದು. ಮರ ಉಳಿಸಲು ಬಂದವರ ಹಾಗೆ ಅವರ ಮುಂದೆ ನಿಲ್ಲಿ, ಮಾತು ಬೇರೆಯೇ ಆಗುತ್ತದೆ.

ಈಗ ಮಾಡಬೇಕಾದದ್ದು ಇಷ್ಟೇ. ಆರ್ಕಿಟೆಕ್ಟ್‌ಗೆ ದುಡ್ಡು ಕೊಡುವ ಮೊದಲು ಮರ ಅಳೆಯಿರಿ. ಸರ್ವೇ ನಕ್ಷೆಯ ಮೇಲೆ ಬುಡ ಎಲ್ಲಿದೆ ಎಂದು ಗುರುತಿಸಿ, ಬೇರಿನ ಮೂರು ವೃತ್ತ ಎಳೆಯಿರಿ. ಅದರ ಫೋಟೋ, ಮರದ ನಾಲ್ಕೂ ಕಡೆಯ ಫೋಟೋ ನನಗೆ ಕಳಿಸಿ. ನಮ್ಮ ಯಜಮಾನರು ಕೂತು ನೋಡುತ್ತಾರೆ, ಅವರಿಗೆ ಇದರಲ್ಲಿ ಕೈ ಪಳಗಿದೆ. ಆಮೇಲೆ ನಗರದ ಆರ್ಬರಿಸ್ಟ್ ವಿಭಾಗಕ್ಕೆ ಬರೆದು, ಟ್ರೀ ಆರ್ಡಿನೆನ್ಸ್ ರಿವ್ಯೂ (ಮರದ ನಿಯಮದಡಿ ಪರಿಶೀಲನೆ) ಅರ್ಜಿ ಹಾಕುವ ಮುಂಚೆಯೇ ಒಂದು ಸಲ ಮಾತಾಡಿ. ಕರಡು ಪ್ಲಾನ್ ಇರುವಾಗ ಕೇಳಿದರೆ ಅವರೇ ಎಲ್ಲಿ ಸರಿಸಿದರೆ ಸರಿ ಎಂದು ಹೇಳುತ್ತಾರೆ. ಅಪ್ಪ-ಅಮ್ಮನ ಟಿಕೆಟ್ ಮಾತ್ರ ಪರ್ಮಿಟ್ ಕೈಗೆ ಬಂದ ಮೇಲೆ ಮಾಡಿಸಿ.